ಹೊಗಳಿದ ಮೇಲೆ ಮಗುವನ್ನು ಮುಟ್ಟಬೇಕು: ಅಮೆರಿಕದ ಹಿಸ್ಪ್ಯಾನಿಕ್ ರೋಗಿಗಳನ್ನು ನೋಡಿಕೊಳ್ಳುವ ಬಗೆ

ನರ್ಸಿಂಗ್ ಓದಿ ಅಮೆರಿಕಕ್ಕೆ ಹೊರಡುವವರು ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ ಪಾಸಾಗಬೇಕು. ಅದನ್ನು ಬೆಂಗಳೂರಿನಲ್ಲೇ ಬರೆಯಬಹುದು. ನಾನು ಪಾಠ ಹೇಳಿಕೊಡುವ ಹುಡುಗಿಯೊಬ್ಬಳು ಹೋದ ತಿಂಗಳು ಅಭ್ಯಾಸದ ಪ್ರಶ್ನೆಯೊಂದನ್ನು ಹಿಡಿದುಕೊಂಡು ಬಂದಳು. ಮೆಕ್ಸಿಕೊ ಮೂಲದ ತಾಯಿಯೊಬ್ಬಳು ಲಸಿಕೆ ಹಾಕಿಸಲು ಕೂಸನ್ನು ಕರೆತಂದಿದ್ದಾಳೆ. ನರ್ಸ್ ದೂರದಲ್ಲೇ ನಿಂತು ‘ಎಷ್ಟು ಮುದ್ದಾಗಿದೆ ಮಗು’ ಅನ್ನುತ್ತಾಳೆ. ತಾಯಿಯ ಮುಖ ಚಿಕ್ಕದಾಗುತ್ತದೆ. ಈಗ ನರ್ಸ್ ಏನು ಮಾಡಬೇಕು? ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದು: ಮಗುವನ್ನು ಮೆಲ್ಲಗೆ ಮುಟ್ಟುವುದು.

“ಮೇಡಂ, ಇದು ರೋಗದ ಪ್ರಶ್ನೆನೂ ಅಲ್ಲ, ಔಷಧಿ ಪ್ರಶ್ನೆನೂ ಅಲ್ಲ. ಇದನ್ನ ಯಾಕೆ ಕೇಳ್ತಾರೆ?” ಅಂತ ಅವಳ ಗೊಂದಲ.

ನ್ಯಾಯವಾದ ಪ್ರಶ್ನೆ. ಅವತ್ತು ಅವಳಿಗೆ ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹೊರಟು ನಿಂತವರಿಗೆ ಇದು ಬೇಕು. ಮಗಳನ್ನೋ ತಂಗಿಯನ್ನೋ ಟೆಕ್ಸಾಸಿನ ಆಸ್ಪತ್ರೆಗೆ ಕಳಿಸಿ, ‘ಅಲ್ಲಿ ಎಂಥ ಜನ, ಹೇಗೋ ಏನೋ’ ಅಂದುಕೊಳ್ಳುವ ಮನೆಯವರಿಗೂ ಬೇಕಾದೀತು.

ಹಿಸ್ಪ್ಯಾನಿಕ್ ಅಂದರೆ ಯಾರು?

ಹಿಸ್ಪ್ಯಾನಿಕ್ ಅನ್ನುವುದು ಜನಾಂಗದ ಹೆಸರಲ್ಲ, ಧರ್ಮದ ಹೆಸರೂ ಅಲ್ಲ. ಸ್ಪ್ಯಾನಿಷ್ ಭಾಷೆಯ ನಾಡುಗಳಲ್ಲಿ ಬೇರುಳ್ಳವರನ್ನೆಲ್ಲ ಅಮೆರಿಕದಲ್ಲಿ ಒಟ್ಟಾಗಿ ಕರೆಯುವ ಮಾತು. ಲ್ಯಾಟಿನೊ ಎಂಬ ಇನ್ನೊಂದು ಪದವೂ ಬಳಕೆಯಲ್ಲಿದೆ. ಅದು ಲ್ಯಾಟಿನ್ ಅಮೆರಿಕದಿಂದ ಬಂದವರಿಗೆ. ಎರಡಕ್ಕೂ ವ್ಯತ್ಯಾಸ ಹೀಗೆ: ಸ್ಪೇನ್ ದೇಶದವರು ಹಿಸ್ಪ್ಯಾನಿಕ್, ಆದರೆ ಲ್ಯಾಟಿನೊ ಅಲ್ಲ. ಬ್ರೆಜಿಲ್‌ನವರು ಲ್ಯಾಟಿನೊ, ಆದರೆ ಪೋರ್ಚುಗೀಸ್ ಆಡುವವರಾದ್ದರಿಂದ ಹಿಸ್ಪ್ಯಾನಿಕ್ ಅಲ್ಲ. ದಿನನಿತ್ಯದ ಮಾತಿನಲ್ಲಿ ಎರಡೂ ಕಲಸಿಹೋಗುತ್ತವೆ. ಎಷ್ಟೋ ಜನಕ್ಕೆ ಎರಡೂ ಹಿಡಿಸದು. ‘ನಾನು ಮೆಕ್ಸಿಕೊದವಳು’, ‘ನಾನು ಕ್ಯೂಬಾದವನು’ ಅಂತಲೇ ಹೇಳಿಕೊಳ್ಳುತ್ತಾರೆ.

2020ರ ಜನಗಣತಿಯಲ್ಲಿ ಇವರ ಸಂಖ್ಯೆ 6.21 ಕೋಟಿ, ಅಮೆರಿಕದ ಜನಸಂಖ್ಯೆಯ ಶೇ 18.7. ಇದು ಎಷ್ಟು ದೊಡ್ಡ ಸಂಖ್ಯೆ ಅಂತ ಗೊತ್ತಾಗಬೇಕಾದರೆ, 2011ರ ಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ಗಳಲ್ಲಿ ಹತ್ತು ಜನರಲ್ಲಿ ಸುಮಾರು ನಾಲ್ವರು ಇವರೇ. ಅರ್ಧಕ್ಕಿಂತ ಹೆಚ್ಚು ಜನ ಮೆಕ್ಸಿಕೊ ಮೂಲದವರು. ಉಳಿದವರು ಪೋರ್ಟೊರಿಕೊ, ಕ್ಯೂಬಾ, ಎಲ್ ಸಾಲ್ವಡಾರ್, ಡೊಮಿನಿಕನ್ ರಿಪಬ್ಲಿಕ್, ಗ್ವಾಟೆಮಾಲಾ ಹೀಗೆ ಹಲವು ಕಡೆಯವರು. ಪೋರ್ಟೊರಿಕೊದವರು 1917ರಿಂದಲೂ ಅಮೆರಿಕದ ಪ್ರಜೆಗಳು. ಅವರನ್ನು ‘ಯಾವಾಗ ಈ ದೇಶಕ್ಕೆ ಬಂದಿರಿ’ ಎಂದು ಕೇಳಿದರೆ ಮನಸ್ಸಿಗೆ ನೋವಾಗುತ್ತದೆ. ಇತ್ತ ನೋಂದಾಯಿತ ನರ್ಸ್‌ಗಳಲ್ಲಿ ಹಿಸ್ಪ್ಯಾನಿಕ್ ಮೂಲದವರು ಶೇ 10ಕ್ಕಿಂತಲೂ ಕಡಿಮೆ. ಅಂದರೆ ಹಾಸಿಗೆಯ ಮೇಲಿರುವವರ ಭಾಷೆ ಒಂದು, ಪಕ್ಕದಲ್ಲಿ ನಿಂತವರದು ಇನ್ನೊಂದು. ನಮ್ಮ ಹುಡುಗಿಯರು ಹೋಗಿ ನಿಲ್ಲುವುದು ಆ ಎರಡರ ನಡುವೆ.

ಒಂದೇ ಒಂದು ಪದ

1980ರಲ್ಲಿ ಫ್ಲಾರಿಡಾದ ಆಸ್ಪತ್ರೆಯೊಂದಕ್ಕೆ 18 ವರ್ಷದ ಹುಡುಗನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ತಂದರು. ಕ್ಯೂಬಾ ಮೂಲದ ಕುಟುಂಬ. ಜೊತೆಗೆ ಬಂದವರು ‘ಇಂತೊಕ್ಸಿಕಾದೊ’ ಅಂದರು. ಕ್ಯೂಬಾದವರ ಬಾಯಲ್ಲಿ ಆ ಮಾತಿಗೆ, ತಿಂದದ್ದೋ ಕುಡಿದದ್ದೋ ಒಗ್ಗದೆ ಮೈ ಕೆಟ್ಟಿದೆ ಅಂತ ಅರ್ಥ. ಹೊರಗಡೆ ತಿಂದ ತಿಂಡಿಯಿಂದ ಹೀಗಾಗಿದೆ ಅಂತ ಮನೆಯವರ ಲೆಕ್ಕ. ವೈದ್ಯರ ಕಿವಿಗೆ ಅದು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಆಗಿ ಬಿತ್ತು, ಅಂದರೆ ಅಮಲು. ಮಾದಕ ವಸ್ತು ಹೆಚ್ಚಾಗಿ ತೆಗೆದುಕೊಂಡಿದ್ದಾನೆ ಅಂತ ತೀರ್ಮಾನಿಸಿ ಅದಕ್ಕೇ ಚಿಕಿತ್ಸೆ ಕೊಟ್ಟರು. ದುಭಾಷಿಯನ್ನು ಯಾರೂ ಕರೆಸಲಿಲ್ಲ. ಅಸಲಿಗೆ ಅವನ ಮಿದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಗೊತ್ತಾಗುವ ಹೊತ್ತಿಗೆ ಎರಡೂ ಕೈ, ಎರಡೂ ಕಾಲು ಬಿದ್ದುಹೋಗಿದ್ದವು. ಮೊಕದ್ದಮೆ ನಡೆದು, ಅವನ ಜೀವಮಾನಕ್ಕೆಲ್ಲ ಸೇರಿ ಸುಮಾರು 7.1 ಕೋಟಿ ಡಾಲರ್ ಆಗುವಷ್ಟು ಪರಿಹಾರ ಕೊಡುವ ಒಪ್ಪಂದವಾಯಿತು. ಹುಡುಗ ಮತ್ತೆ ಎದ್ದು ನಡೆಯಲಿಲ್ಲ.

ಗಮನಿಸಿ, ಇಲ್ಲಿ ಮನೆಯವರು ಊಹಿಸಿದ್ದೂ ತಪ್ಪೇ ಆಗಿತ್ತು. ಆದರೆ ‘ಅಮಲು’ ಎಂಬ ಮಾತು ಕೇಳದೇ ಹೋಗಿದ್ದರೆ ವೈದ್ಯರು ಬೇರೆ ಕಾರಣ ಹುಡುಕುತ್ತಿದ್ದರು.

ಇಂಥ ಪದಗಳು ಇನ್ನೂ ಇವೆ. ‘ಎಂಬರಾಸಾದಾ’ ಅಂದರೆ ಮುಜುಗರವಲ್ಲ, ಬಸುರಿ. ಪೋರ್ಟೊರಿಕೊದ ಕೆಲವರು ‘ಫತೀಗಾ’ ಅಂದಾಗ ಬರೀ ಆಯಾಸ ಅಂದುಕೊಳ್ಳಬಾರದು, ಉಬ್ಬಸ ಇರಬಹುದು. ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಔಷಧಿ ಚೀಟಿಯ ಪದ. ದಿನಕ್ಕೆ ಒಂದು ಸಲ ಅನ್ನಲು ಇಂಗ್ಲಿಷಿನಲ್ಲಿ ಬರೆಯುವ ‘ಒನ್ಸ್’ ಪದದ ನಾಲ್ಕು ಅಕ್ಷರಗಳನ್ನೇ ಸ್ಪ್ಯಾನಿಷ್ ಓದುವವರು ‘ಒನ್ಸೆ’ ಅಂತ ಓದುತ್ತಾರೆ. ಹಾಗೆಂದರೆ ಹನ್ನೊಂದು. ರಕ್ತದೊತ್ತಡದ ಮಾತ್ರೆಯ ಡಬ್ಬಿಯ ಮೇಲೆ ಆ ಪದ ಹಾಗೇ ಉಳಿದುಬಿಟ್ಟರೆ ಏನಾಗಬಹುದೆಂದು ಹೇಳಬೇಕಿಲ್ಲ.

ಕಾನೂನು ಏನನ್ನುತ್ತದೆ? ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಆಸ್ಪತ್ರೆಯೂ ಮೂಲ ದೇಶದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ಭಾಷೆ ಬಾರದವರಿಗೆ ನೆರವು ಕೊಡದಿರುವುದೂ ಅದರೊಳಗೆ ಬರುತ್ತದೆ. 2010ರ ಆರೋಗ್ಯ ಸುಧಾರಣೆಯ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಿತು: ತರಬೇತಿ ಪಡೆದ ದುಭಾಷಿ ಬೇಕು, ಅದಕ್ಕೆ ರೋಗಿಯಿಂದ ಹಣ ಕೇಳುವಂತಿಲ್ಲ. 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದ ಅಧ್ಯಕ್ಷೀಯ ಆದೇಶವು, ಭಾಷಾ ನೆರವಿನ ಬಗ್ಗೆ 2000ದಲ್ಲಿ ಹೊರಟಿದ್ದ ಹಳೆಯ ಆದೇಶವನ್ನು ರದ್ದು ಮಾಡಿತು. ಈ ಎರಡು ಕಾಯ್ದೆಗಳು ಮಾತ್ರ ಆ ಆದೇಶದಿಂದ ಬದಲಾಗಲಿಲ್ಲ.

ಮಕ್ಕಳನ್ನು ದುಭಾಷಿ ಮಾಡಿಕೊಳ್ಳುವುದು ಸುಲಭ. ಶಾಲೆಗೆ ಹೋಗುವ ಮಗನಿಗೆ ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ಪಕ್ಕದಲ್ಲೇ ಇರುತ್ತಾನೆ. ಆದರೆ ಹತ್ತು ವರ್ಷದ ಹುಡುಗ ತನ್ನ ತಾಯಿಯ ಮುಟ್ಟಿನ ತೊಂದರೆಯನ್ನೋ, ತಂದೆಗೆ ಕ್ಯಾನ್ಸರ್ ಇದೆ ಎಂಬುದನ್ನೋ ತನ್ನ ಬಾಯಿಂದ ಹೇಳಬೇಕಾದ ಪರಿಸ್ಥಿತಿಯನ್ನು ನೆನೆದುಕೊಳ್ಳಿ. ತೀರಾ ತುರ್ತಿನ ಹೊತ್ತು ಬಿಟ್ಟರೆ ಇದಕ್ಕೆ ಅವಕಾಶವಿಲ್ಲ. ದುಭಾಷಿ ಫೋನಿನಲ್ಲೋ ವಿಡಿಯೊದಲ್ಲೋ ಇದ್ದಾಗ ರೋಗಿಯ ಮುಖ ನೋಡಿಯೇ ಮಾತಾಡಬೇಕು. ‘ಅವರಿಗೆ ನೋವಿದೆಯಾ ಕೇಳಿ’ ಅನ್ನಬಾರದು, ‘ನಿಮಗೆ ನೋವಿದೆಯಾ’ ಅನ್ನಬೇಕು. ಚಿಕ್ಕ ಚಿಕ್ಕ ವಾಕ್ಯ.

ಇನ್ನೊಂದು ಸೂಕ್ಷ್ಮವಿದೆ. ಗ್ವಾಟೆಮಾಲಾದಿಂದ ಬಂದ ಎಲ್ಲರಿಗೂ ಸ್ಪ್ಯಾನಿಷ್ ಬರುವುದಿಲ್ಲ. ಅಲ್ಲಿನ ಬೆಟ್ಟದೂರುಗಳಲ್ಲಿ ಮಾಮ್, ಕಿಚೆಯಂಥ ಮಾಯಾ ಭಾಷೆಗಳಿವೆ. ದಕ್ಷಿಣ ಮೆಕ್ಸಿಕೊದಲ್ಲಿ ಮಿಶ್ಟೆಕ್, ಝಪೊಟೆಕ್ ಇವೆ. ತುಳು ಮಾತ್ರ ಬಲ್ಲ ಅಜ್ಜಿಗೆ ‘ಇಂಡಿಯಾದವರಲ್ವಾ’ ಅಂತ ಹಿಂದಿ ದುಭಾಷಿ ಕೊಟ್ಟರೆ ಹೇಗೋ ಹಾಗೆಯೇ ಇದು. ಅವರು ಸುಮ್ಮನೆ ತಲೆಯಾಡಿಸಿಬಿಡಬಹುದು. ಮೊದಲ ದಿನವೇ ‘ಮನೆಯಲ್ಲಿ ಯಾವ ಮಾತಾಡ್ತೀರಿ’ ಅಂತ ಕೇಳಿ ಬರೆದಿಟ್ಟುಕೊಂಡರೆ ಮುಂದಿನ ಎಷ್ಟೋ ತೊಂದರೆ ತಪ್ಪುತ್ತದೆ.

ನೀನು, ನೀವು

ಇಂಗ್ಲಿಷಿನಲ್ಲಿ ಎಲ್ಲರಿಗೂ ‘ಯೂ’. ಸ್ಪ್ಯಾನಿಷ್‌ನಲ್ಲಿ ನಮ್ಮ ಹಾಗೆಯೇ ಎರಡಿವೆ: ‘ತು’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ಕನ್ನಡಿಗರಿಗೆ ಇದು ವಿವರಿಸಬೇಕಿಲ್ಲದ ಸಂಗತಿ. ಅರ್ಧಂಬರ್ಧ ಸ್ಪ್ಯಾನಿಷ್ ಕಲಿತ ನರ್ಸ್ ಎಪ್ಪತ್ತರ ಅಜ್ಜನಿಗೆ ‘ತು’ ಅಂದರೆ, ನಮ್ಮ ವಾರ್ಡಿನಲ್ಲಿ ಯಾರೋ ಹಿರಿಯರನ್ನು ‘ಏ, ಮಾತ್ರೆ ತಗೊಂಡ್ಯಾ’ ಅಂದಂತೆ ಕೇಳಿಸುತ್ತದೆ. ಗಂಡಸರಿಗೆ ‘ಸೆನ್ಯೋರ್’, ಹೆಂಗಸರಿಗೆ ‘ಸೆನ್ಯೋರಾ’ ಸೇರಿಸಿ ಕರೆಯುವುದು ಲೇಸು. ಈ ಮರ್ಯಾದೆಗೆ ಅವರು ‘ರೆಸ್ಪೆತೊ’ ಅನ್ನುತ್ತಾರೆ.

ಅದೇ ಮರ್ಯಾದೆ ಕೆಲವೊಮ್ಮೆ ಚಿಕಿತ್ಸೆಗೆ ಅಡ್ಡ ಬರುತ್ತದೆ. ವೈದ್ಯರು ದೊಡ್ಡವರು, ಅವರಿಗೆ ಎದುರಾಡಬಾರದು ಅಂತ ‘ಸೀ, ಸೀ’ ಅಂತ ತಲೆಯಾಡಿಸುವವರಿದ್ದಾರೆ. ‘ಸೀ’ ಅಂದರೆ ಹೌದು. ಆ ಹೌದಿಗೆ ‘ಅರ್ಥವಾಯಿತು’ ಅಂತಲೇ ಅರ್ಥವಿರಬೇಕಿಲ್ಲ, ‘ನೀವು ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದೇನೆ’ ಅಂತಲೂ ಇರಬಹುದು. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ‘ಆಯ್ತು ಸಾರ್’ ಅಂದು ಹೊರಗೆ ಬಂದು, ‘ಏನಂದ್ರು ಡಾಕ್ಟ್ರು?’ ಅಂತ ಕಂಪೌಂಡರನ್ನು ಕೇಳುವವರನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಇದಕ್ಕೆ ನರ್ಸಿಂಗ್‌ನಲ್ಲಿ ಒಳ್ಳೆಯ ಉಪಾಯವಿದೆ. ‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ಬಿಟ್ಟು, ‘ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತಗೊಳ್ತೀರಿ, ಒಂದ್ಸಲ ನನಗೆ ಹೇಳಿ ನೋಡೋಣ. ನಾನು ಸರಿಯಾಗಿ ಹೇಳಿದ್ನೋ ಇಲ್ವೋ ಗೊತ್ತಾಗ್ಲಿ’ ಅನ್ನುವುದು. ತಪ್ಪು ತನ್ನದಿರಬಹುದು ಅಂತ ನರ್ಸ್ ಮೊದಲೇ ಒಪ್ಪಿಕೊಂಡಿರುವುದರಿಂದ ರೋಗಿಗೆ ಸಂಕೋಚವಾಗುವುದಿಲ್ಲ.

ಹೆಸರಿನ ಗೊಂದಲವೂ ಸಣ್ಣದಲ್ಲ. ಅಲ್ಲಿನ ರೂಢಿಯಲ್ಲಿ ಎರಡು ಮನೆತನದ ಹೆಸರುಗಳು: ಮೊದಲು ತಂದೆಯದು, ಆಮೇಲೆ ತಾಯಿಯದು. ಮರಿಯಾ ಗಾರ್ಸಿಯಾ ಲೋಪೆಜ್ ಎಂದಿದ್ದರೆ ಮುಖ್ಯವಾದದ್ದು ಗಾರ್ಸಿಯಾ. ಕೌಂಟರಿನಲ್ಲಿ ಒಬ್ಬರು ಗಾರ್ಸಿಯಾ ಅಂತ, ಇನ್ನೊಬ್ಬರು ಲೋಪೆಜ್ ಅಂತ ಬರೆದುಕೊಂಡರೆ ಒಬ್ಬಳೇ ಹೆಂಗಸಿಗೆ ಎರಡು ಫೈಲು. ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಮಾತು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದೇ ಹೋಗಬಹುದು. ಇನಿಷಿಯಲ್ಲಿನ ಗೊಂದಲದಲ್ಲಿ ಪಾಸ್‌ಪೋರ್ಟಿಗೆ ಅಲೆದವರು ಇದನ್ನು ಚೆನ್ನಾಗಿ ಬಲ್ಲರು.

ಹಾಸಿಗೆ ಸುತ್ತ ಇಡೀ ಮನೆ

ಒಬ್ಬರು ಆಸ್ಪತ್ರೆ ಸೇರಿದರೆ ಮಕ್ಕಳು, ಅತ್ತೆ, ಚಿಕ್ಕಪ್ಪ, ಚರ್ಚಿನಲ್ಲಿ ದೀಕ್ಷಾಸ್ನಾನದ ದಿನ ಹೊಣೆ ಹೊತ್ತ ಗಾಡ್‌ಫಾದರ್ ಎಲ್ಲರೂ ಬಂದು ಕೂರುತ್ತಾರೆ. ಕುಟುಂಬವೇ ಮೊದಲು ಎಂಬ ಈ ಭಾವನೆಗೆ ‘ಫಮಿಲಿಸ್ಮೊ’ ಎಂಬ ಹೆಸರಿದೆ. ‘ಇಬ್ಬರಿಗೆ ಮಾತ್ರ ಪ್ರವೇಶ’ ಎಂಬ ಬೋರ್ಡಿನ ಎದುರು ಇಡೀ ಬಳಗ ನಿಂತಿದ್ದರೆ ನರ್ಸ್‌ಗೆ ತಲೆನೋವು ಅನ್ನಿಸಬಹುದು. ಆದರೆ ಮನೆಗೆ ಹೋದ ಮೇಲೆ ಗಾಯ ತೊಳೆಯುವವರು, ಪಥ್ಯದ ಅಡುಗೆ ಮಾಡುವವರು ಅವರೇ. ಮಾತಾಡಲು ಒಬ್ಬರನ್ನು ಅವರೇ ಆರಿಸಿಕೊಳ್ಳಲಿ ಅಂತ ಬಿಟ್ಟರೆ ಗದ್ದಲವೂ ಇಳಿಯುತ್ತದೆ.

ಕಷ್ಟವಾಗುವುದು ಕೆಟ್ಟ ಸುದ್ದಿ ಹೇಳುವಾಗ. ‘ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ, ಧೈರ್ಯಗೆಡುತ್ತಾರೆ’ ಎಂಬ ಬೇಡಿಕೆ ನಮಗೆ ಹೊಸದೇನಲ್ಲ. ಅಮೆರಿಕದಲ್ಲಾದರೆ ರೋಗಿಗೆ ತಿಳಿಸುವುದೇ ನಿಯಮ. 1995ರಲ್ಲಿ ಪ್ರಕಟವಾದ ಲಾಸ್ ಏಂಜಲೀಸಿನ ಅಧ್ಯಯನವೊಂದರಲ್ಲಿ 65 ದಾಟಿದ 800 ಜನರನ್ನು ಇದೇ ವಿಷಯ ಕೇಳಿದ್ದರು. ದೇಹದಲ್ಲೆಲ್ಲ ಹರಡಿದ ಕ್ಯಾನ್ಸರನ್ನು ರೋಗಿಗೆ ಹೇಳಬೇಕು ಅಂದವರು ಯುರೋಪ್ ಮೂಲದವರಲ್ಲಿ ಶೇ 87, ಮೆಕ್ಸಿಕೊ ಮೂಲದವರಲ್ಲಿ ಶೇ 65.

ಈ ಅಂಕಿಯನ್ನು ನನ್ನ ವಿದ್ಯಾರ್ಥಿಗಳಿಗೆ ಎರಡು ಸಲ ಓದಿಸುತ್ತೇನೆ. ಮೊದಲ ಓದಿಗೆ ‘ಮೆಕ್ಸಿಕೊದವರಿಗೆ ಹೇಳಬಾರದು’ ಅನ್ನಿಸುತ್ತದೆ. ಎರಡನೇ ಸಲ ನೋಡಿದರೆ, ಮೂವರಲ್ಲಿ ಇಬ್ಬರು ಹೇಳಬೇಕು ಅಂದಿದ್ದಾರೆ! ಹಾಗಾದರೆ ಎದುರಿಗಿರುವ ಈ ಅಜ್ಜ ಆ ಇಬ್ಬರಲ್ಲಿ ಒಬ್ಬನೋ, ಉಳಿದ ಒಬ್ಬನೋ? ಪುಸ್ತಕ ಹೇಳಲಾರದು, ಅಜ್ಜನನ್ನೇ ಕೇಳಬೇಕು: ‘ಕೆಲವರಿಗೆ ಎಲ್ಲವೂ ತಮಗೇ ಗೊತ್ತಾಗಬೇಕು ಅಂತಿರುತ್ತೆ, ಕೆಲವರು ಮಗಳ ಹತ್ತಿರ ಮಾತಾಡಿ ಅಂತಾರೆ. ನಿಮಗೆ ಹೇಗೆ?’ ಇದನ್ನು ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕೇಳಿಟ್ಟುಕೊಳ್ಳಬೇಕು.

ದೃಷ್ಟಿ, ಉಷ್ಣ, ಮತ್ತು ಕಿತ್ತಳೆ ಬಣ್ಣದ ಪುಡಿ

ಈಗ ಆ ಮಗುವಿಗೆ ಬರೋಣ. ‘ಮಾಲ್ ದೆ ಒಹೊ’ ಅಂದರೆ ಕೆಟ್ಟ ಕಣ್ಣು, ನಮ್ಮ ದೃಷ್ಟಿ. ಬಲವಾದ ನೋಟದವರು ಮಗುವನ್ನು ಮೆಚ್ಚಿ, ಮುಟ್ಟದೆ ಹೋದರೆ ಮಗುವಿಗೆ ಜ್ವರ, ವಾಂತಿ, ಹಟ ಹತ್ತುತ್ತದೆ ಎಂಬ ನಂಬಿಕೆ. ಮುಟ್ಟಿದರೆ ದೋಷ ಕಳೆಯಿತು. ನಮ್ಮಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಂತೆ ಅಲ್ಲಿ ಹಸಿ ಮೊಟ್ಟೆಯನ್ನು ಮೈಮೇಲೆ ಆಡಿಸಿ ನೀರಿನ ಲೋಟಕ್ಕೆ ಒಡೆದು ನೋಡುತ್ತಾರೆ. ‘ಸುಸ್ತೊ’ ಎಂಬುದೂ ಇದೆ. ನಮ್ಮ ಸುಸ್ತಲ್ಲ, ಬೆಚ್ಚಿಬಿದ್ದು ಜೀವವೇ ಮೈಬಿಟ್ಟಂತಾಗಿ ಬರುವ ಕಾಯಿಲೆ. ಸಕ್ಕರೆ ಕಾಯಿಲೆ ಬಂದದ್ದೇ ಅಂಥ ಒಂದು ಹೆದರಿಕೆಯಿಂದ ಎಂದು ನಂಬಿದವರೂ ಇದ್ದಾರೆ.

ಉಷ್ಣ, ಶೀತದ ಲೆಕ್ಕವೂ ಅಲ್ಲಿದೆ. ಹೆರಿಗೆಯಾದ ಮೇಲೆ ಮೈ ಶೀತವಾಗಿರುತ್ತದೆ, 40 ದಿನ ಜೋಪಾನ ಮಾಡಬೇಕು ಅನ್ನುತ್ತಾರೆ. ‘ಕ್ವಾರೆಂತೆನಾ’ ಅಂತ ಅದರ ಹೆಸರು. ಕೋಳಿ ಸಾರು, ಬಿಸಿ ಗಂಜಿಯಂಥ ‘ಅತೋಲೆ’, ಗಾಳಿ ತಾಗದಂತೆ ಹೊದಿಕೆ. ಅಮೆರಿಕದ ಆಸ್ಪತ್ರೆಯಲ್ಲಿ ಹೆರಿಗೆಯಾದವಳ ಮುಂದೆ ಮೊದಲು ಇಡುವುದು ಐಸ್ ತುಂಬಿದ ನೀರಿನ ಲೋಟ. ಅವಳು ಅದನ್ನು ಮುಟ್ಟುವುದಿಲ್ಲ. ‘ನೀರು ಕುಡಿಯುತ್ತಿಲ್ಲ’ ಅಂತ ಚಾರ್ಟಿನಲ್ಲಿ ಬರೆಯುತ್ತಾರೆ. ಬಾಣಂತಿಗೆ ತಣ್ಣೀರು ಕೊಡುತ್ತಾರೆಯೇ ಅಂತ ನಮ್ಮ ಯಾವ ಅಜ್ಜಿಯಾದರೂ ಕೇಳಿಯಾಳು. ಬಿಸಿನೀರು ತಂದಿಟ್ಟರೆ ಸಮಸ್ಯೆ ಅಲ್ಲಿಗೆ ಮುಗಿಯಿತು.

ಹೀಗೆ ನಮ್ಮಂತೆಯೇ ಇರುವುದು ಕಂಡಾಗ ಪ್ರೀತಿ ಬರುತ್ತದೆ, ನಿಜ. ಆದರೆ ಎಲ್ಲ ನಾಟಿ ಮದ್ದೂ ಬಿಸಿನೀರಿನಷ್ಟು ನಿರಪಾಯವಲ್ಲ. ತಿಂದದ್ದು ಹೊಟ್ಟೆಯಲ್ಲಿ ಅಂಟಿಕೊಂಡು ಬರುವ ತೊಂದರೆಗೆ ‘ಎಂಪಾಚೊ’ ಅನ್ನುತ್ತಾರೆ. ಹೊಟ್ಟೆ ನೀವುವುದು, ಗಿಡಮೂಲಿಕೆ ಕಷಾಯ ಕುಡಿಸುವುದು ಸಾಮಾನ್ಯ. ಕೆಲವು ಕಡೆ ಮಾತ್ರ ‘ಅಸರ್ಕೋನ್’ ಎಂಬ ಕಿತ್ತಳೆ ಬಣ್ಣದ ಪುಡಿ, ‘ಗ್ರೆತಾ’ ಎಂಬ ಹಳದಿ ಪುಡಿ ಮಕ್ಕಳಿಗೆ ತಿನ್ನಿಸುತ್ತಾರೆ. ಎರಡೂ ಸೀಸದ ಆಕ್ಸೈಡುಗಳು, ಅಂದರೆ ನೇರ ವಿಷ. ಅಸರ್ಕೋನ್‌ನಲ್ಲಿರುವುದು ಕೆಂಪು ಸೀಸ. ಕಲಬೆರಕೆಯ ಸಿಂಧೂರದಲ್ಲಿ ಸಿಗುವ ವಸ್ತು ಅದೇ. ಮಗುವಿನ ಮಿದುಳನ್ನು ಅದು ಶಾಶ್ವತವಾಗಿ ಕೆಡಿಸಬಲ್ಲದು. ‘ಕಾಯಿದಾ ದೆ ಮೊಯೆರಾ’ ಅಂದರೆ ನೆತ್ತಿ ಕುಸಿಯುವುದು. ನರ್ಸ್ ಕಣ್ಣಿಗೆ ಅದು ಮೈಯ ನೀರು ಬತ್ತಿದ ಲಕ್ಷಣ. ಮನೆಯಲ್ಲಿ ಮಗುವನ್ನು ತಲೆಕೆಳಗಾಗಿ ಹಿಡಿದು ಕಾಲು ತಟ್ಟುತ್ತಿದ್ದರೆ ಹೊತ್ತು ಕೈ ಮೀರುತ್ತದೆ.

ಇಲ್ಲೇ ನೋಡಿ ಸೂಕ್ಷ್ಮತೆಯ ನಿಜವಾದ ಉಪಯೋಗ. ಮುಖ ಸಿಂಡರಿಸಿ ‘ಮನೆಮದ್ದು ಕೊಟ್ರಾ?’ ಅಂದರೆ ತಾಯಿ ಇಲ್ಲ ಅನ್ನುತ್ತಾಳೆ. ಸೀಸದ ಪುಡಿ ಗುಟ್ಟಾಗಿಯೇ ಉಳಿಯುತ್ತದೆ. ‘ಎಂಪಾಚೊಗೆ ನಿಮ್ಮೂರಲ್ಲಿ ಏನೇನು ಕೊಡ್ತಾರೆ? ಈ ಸಲ ಏನು ಕೊಟ್ರಿ?’ ಅಂದರೆ ಹೇಳುತ್ತಾಳೆ. ಪುಡಿಯ ಬಣ್ಣ ಕೇಳಿ, ರಕ್ತ ಪರೀಕ್ಷೆಗೆ ಕಳಿಸಬಹುದು. ಕಷಾಯ ಇರಲಿ, ಪುಡಿ ಬೇಡ ಎನ್ನಬಹುದು.

ನಂಬಿಕೆ ಒಡೆದದ್ದು ಹೇಗೆ?

‘ಕೊನ್ಫಿಯಾನ್ಸಾ’ ಅಂದರೆ ವಿಶ್ವಾಸ. ಅದು ಯಾಕೆ ನಿಧಾನವಾಗಿ ಹುಟ್ಟುತ್ತದೆ ಅನ್ನುವುದಕ್ಕೆ ಇತಿಹಾಸವಿದೆ. 1970ರ ಸುಮಾರಿನಲ್ಲಿ ಲಾಸ್ ಏಂಜಲೀಸಿನ ಕೌಂಟಿ ಆಸ್ಪತ್ರೆಯಲ್ಲಿ ಹೆರಿಗೆ ನೋವಿನಲ್ಲಿದ್ದ ಮೆಕ್ಸಿಕೊ ಮೂಲದ ಹೆಂಗಸರಿಂದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡು ಸಂತಾನಹರಣ ಮಾಡಿದರು. ಏನಾಗಿದೆ ಎಂದು ಕೆಲವರಿಗೆ ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಹತ್ತು ಹೆಂಗಸರು ಮೊಕದ್ದಮೆ ಹೂಡಿದರು, ಮ್ಯಾಡ್ರಿಗಲ್ ಪ್ರಕರಣ ಅಂತ ಅದಕ್ಕೆ ಹೆಸರು. 1978ರಲ್ಲಿ ತೀರ್ಪು ವೈದ್ಯರ ಪರ ಬಂತು. ಮಕ್ಕಳಾಗುವುದು ಈ ಹೆಂಗಸರ ಬದುಕಿನಲ್ಲಿ ಎಷ್ಟು ದೊಡ್ಡದು ಎಂದು ಮಾನವಶಾಸ್ತ್ರಜ್ಞರೊಬ್ಬರು ಅವರ ಪರವಾಗಿ ಸಾಕ್ಷಿ ಹೇಳಿದ್ದರು. ನ್ಯಾಯಾಧೀಶರು ಅದನ್ನೇ ತಿರುಗಿಸಿದರು: ಅವರ ಸಂಸ್ಕೃತಿ ಹಾಗಿದ್ದುದರಿಂದ ಇಷ್ಟು ನೋವಾಯಿತು, ವೈದ್ಯರಿಗೆ ಅದು ಹೇಗೆ ಗೊತ್ತಿರಬೇಕು ಎಂದು. ಸಂಸ್ಕೃತಿ ಎಂಬ ಮಾತು ಹೀಗೂ ಬಳಕೆಯಾಗಬಲ್ಲದು ಎಂದು ತಿಳಿದಿರುವುದು ಒಳ್ಳೆಯದು. ಸೋತರೂ ಆ ಹೋರಾಟದಿಂದ ಒಪ್ಪಿಗೆ ಪತ್ರ ಸ್ಪ್ಯಾನಿಷ್‌ನಲ್ಲೂ ಇರಬೇಕೆಂಬ ನಿಯಮ ಬಂತು. ತುರ್ತುಪರಿಸ್ಥಿತಿಯ ಕಾಲದ ಆಪರೇಷನ್ ಕ್ಯಾಂಪುಗಳ ನೆನಪಿರುವ ನಮ್ಮ ಹಿರಿಯರಿಗೆ ಆ ಹೆಂಗಸರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ಭಯ ಬೇರೆ. ಆಸ್ಪತ್ರೆ, ಶಾಲೆ, ಚರ್ಚುಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಕಾರ್ಯಾಚರಣೆ ಮಾಡಬಾರದೆಂಬ ಸೂಚನೆಯನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಂಡರು. ಕಾಗದಪತ್ರ ಸರಿಯಿದ್ದವರ ಮನೆಯಲ್ಲೂ ಇಲ್ಲದವರೊಬ್ಬರು ಇರಬಹುದು, ಹಾಗಾಗಿ ಜ್ವರ ಬಂದರೂ ಹೆದರಿ ಮನೆಯಲ್ಲೇ ಉಳಿಯುತ್ತಾರೆ. ತುರ್ತು ವಿಭಾಗಕ್ಕೆ ಬಂದವರನ್ನು ಹಣ, ಪೌರತ್ವ ನೋಡದೆ ಪರೀಕ್ಷಿಸಿ ಸ್ಥಿತಿ ಸುಧಾರಿಸುವಂತೆ ಮಾಡಬೇಕೆಂಬ 1986ರ ಕಾಯ್ದೆ ಮಾತ್ರ ಜಾರಿಯಲ್ಲಿದೆ. ಚಿಕಿತ್ಸೆಗೆ ಬೇಕಿಲ್ಲದಿದ್ದರೆ ವೀಸಾ ಬಗ್ಗೆ ನರ್ಸ್ ಬಾಯೇ ಬಿಡಬಾರದು.

ಹಾಗಾದರೆ ಏನು ಕಲಿಯಬೇಕು?

ಮೆಡಲೀನ್ ಲೈನಿಂಗರ್ ಎಂಬ ನರ್ಸ್ 1950ರ ದಶಕದಲ್ಲಿ ಸಿನ್ಸಿನಾಟಿಯಲ್ಲಿ ಮಕ್ಕಳ ಮನೋರೋಗ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ, ಒಂದೊಂದು ಮನೆತನದ ಮಕ್ಕಳು ಆರೈಕೆಯನ್ನು ಒಂದೊಂದು ಥರ ಬಯಸುವುದನ್ನು ಕಂಡರು. ಮಾನವಶಾಸ್ತ್ರ ಓದಿ, ನರ್ಸಿಂಗ್‌ನಲ್ಲಿ ಹೊಸ ಶಾಖೆಯನ್ನೇ ಕಟ್ಟಿದರು. ಎನ್‌ಕ್ಲೆಕ್ಸ್‌ನಲ್ಲಿ ದೃಷ್ಟಿಯ ಪ್ರಶ್ನೆ ಬರುವುದು ಆ ದಾರಿಯಿಂದ. 1998ರಲ್ಲಿ ಮೆಲನಿ ಟೆರ್ವಲೋನ್ ಮತ್ತು ಜ್ಯಾನ್ ಮರ್ರೆ-ಗಾರ್ಸಿಯಾ ಎಂಬ ವೈದ್ಯೆಯರು ಇನ್ನೊಂದು ಮಾತು ಸೇರಿಸಿದರು. ಬೇರೊಬ್ಬರ ಸಂಸ್ಕೃತಿಯನ್ನು ಪೂರ್ತಿ ಕಲಿತು ಮುಗಿಸಿದೆ ಅನ್ನಲಾಗದು. ಗೊತ್ತಿಲ್ಲ ಎಂಬ ವಿನಯದಿಂದ ಕೇಳುತ್ತಿರಬೇಕು ಅಂತ.

ಮೇಲೆ ಬರೆದದ್ದೆಲ್ಲ ಹಾಗೆ ಕೇಳುವುದಕ್ಕೆ ಬೇಕಾದ ತಯಾರಿ ಅಷ್ಟೆ. ಟೆಕ್ಸಾಸಿನಲ್ಲೇ ಹುಟ್ಟಿ ಬೆಳೆದು, ಸ್ಪ್ಯಾನಿಷ್ ಗೊತ್ತಿಲ್ಲದ ಗಾರ್ಸಿಯಾ ಎಂಬ ಎಂಜಿನಿಯರಳಿಗೆ ದುಭಾಷಿ ಬೇಕಾ ಅಂತ ಕೇಳಿದರೆ ಅದೂ ಅವಮಾನವೇ. ಕೇಳುವುದು ಹೇಗೆ ಎಂಬುದಕ್ಕೆ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಅವರ ಪ್ರಶ್ನೆಗಳು ಇವತ್ತಿಗೂ ಬಳಕೆಯಲ್ಲಿವೆ. ಕನ್ನಡದಲ್ಲಿ ಹೇಳುವುದಾದರೆ: ನಿಮಗೆ ಏನಾಗಿದೆ ಅಂತ ನಿಮಗನ್ನಿಸುತ್ತೆ? ಯಾಕೆ ಬಂತು, ಯಾಕೆ ಈಗಲೇ ಬಂತು? ಇದರಲ್ಲಿ ನಿಮಗೆ ತುಂಬಾ ಭಯ ಯಾವುದರದ್ದು?

ಈ ಕೊನೆಯ ಪ್ರಶ್ನೆಯನ್ನು ಸಕ್ಕರೆ ಕಾಯಿಲೆಯವರಿಗೆ ಕೇಳಲೇಬೇಕು. ಅಮೆರಿಕದ ವಯಸ್ಕರಿಗೆ ಜೀವಮಾನದಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಂಭವ ಸುಮಾರು ಶೇ 40. ಹಿಸ್ಪ್ಯಾನಿಕ್ ವಯಸ್ಕರಿಗೆ ಶೇ 50ಕ್ಕಿಂತ ಹೆಚ್ಚು ಎಂದು ಅಲ್ಲಿನ ಸರ್ಕಾರಿ ಸಂಸ್ಥೆ ಸಿಡಿಸಿ ಹೇಳುತ್ತದೆ. ಇನ್ಸುಲಿನ್ ಶುರು ಮಾಡಿದರೆ ಕಣ್ಣು ಹೋಗುತ್ತದೆ ಎಂಬ ಹೆದರಿಕೆ ಅವರಲ್ಲಿ ಬಹಳ ಜನರಿಗಿದೆ. ಕಾಯಿಲೆ ಬಲಿತ ಮೇಲೆಯೇ ಇನ್ಸುಲಿನ್‌ಗೆ ಹೋದ ಚಿಕ್ಕಮ್ಮನಿಗೆ ಕಣ್ಣು ಮಂಜಾದದ್ದನ್ನು ಕಣ್ಣಾರೆ ನೋಡಿರುತ್ತಾರೆ. ಅದನ್ನು ಬಾಯಿಬಿಟ್ಟು ಹೇಳಿದ ಮೇಲಷ್ಟೇ ಯಾವುದು ಮೊದಲು, ಯಾವುದು ಆಮೇಲೆ ಆಯಿತು ಎಂದು ಬಿಡಿಸಿ ಹೇಳಲು ಸಾಧ್ಯ.

ಇಷ್ಟು ಕೇಳಿದ ಮೇಲೆ ನನ್ನ ವಿದ್ಯಾರ್ಥಿನಿ ಇನ್ನೊಂದು ಕೇಳಿದಳು. “ಮಗುವಿನ ಕೈಯಲ್ಲಿ ದೃಷ್ಟಿಗೆ ಕಟ್ಟಿದ ಕೆಂಪು ದಾರ ಇದ್ದು, ಅದೇ ಕೈಗೆ ಡ್ರಿಪ್ ಹಾಕಬೇಕಾದ್ರೆ?” ಅಲ್ಲಿ ಆ ದಾರದಲ್ಲಿ ಒಮ್ಮೊಮ್ಮೆ ‘ಜಿಂಕೆಯ ಕಣ್ಣು’ ಎಂಬ ಬೀಜ ಪೋಣಿಸಿರುತ್ತಾರೆ, ನಮ್ಮ ನಸುಗುನ್ನಿಯ ಜಾತಿಯ ಬಳ್ಳಿಯದು. ಕತ್ತರಿ ಹಾಕುವ ಮೊದಲು ತಾಯಿಯನ್ನು ಕೇಳಬೇಕು. ಇನ್ನೊಂದು ಕೈಗೋ ಕಾಲಿಗೋ ಕಟ್ಟಬಹುದಾ, ಆಪರೇಷನ್ ಇದ್ದರೆ ಅಷ್ಟು ಹೊತ್ತು ತಾಯಿಯ ಕೈಗೇ ಕಟ್ಟಿಕೊಳ್ಳುತ್ತಾಳಾ ಅಂತ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾಳೆ. ಕುತ್ತಿಗೆಗೆ ಮಾತ್ರ ಬೇಡ, ಮಲಗಿದಾಗ ಬಿಗಿದುಕೊಳ್ಳಬಹುದು ಅಂತ ತಿಳಿಹೇಳಬೇಕು. ದಾರ ಈಗ ಎಲ್ಲಿದೆ ಎಂಬುದನ್ನು ನೋಟ್ಸ್‌ನಲ್ಲಿ ಬರೆದು, ರಾತ್ರಿ ಪಾಳಿಗೆ ಬರುವ ಸಿಸ್ಟರ್‌ಗೂ ಹೇಳಿ ಹೋಗಬೇಕು.